ರಸ್ತೆಯ ಕೆಳಗಿನ ರಸ್ತೆ

ಮದ್ದೂರಿನಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ಹೆದ್ದಾರಿಯನ್ನು ನೇರ ಮಾಡಿದಾಗ ಅಲ್ಲಲ್ಲಿ ಹಳೆಯ ತಿರುವುಗಳು ಪಕ್ಕದಲ್ಲೇ ಉಳಿದುಕೊಂಡವು. ಅಂಥದೊಂದು ತಿರುವು ನಮ್ಮೂರಿನ ಹತ್ತಿರ ಇದೆ. ಸುಗ್ಗಿಯಲ್ಲಿ ಜನ ಅದರ ಮೇಲೆ ರಾಗಿ ಹರಡುತ್ತಾರೆ, ಉಳಿದ ದಿನ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಈಚೆಗೆ ಊರಿಗೆ ಹೋಗಿದ್ದಾಗ, ಕುಡಿಯುವ ನೀರಿನ ಪೈಪು ಹೂಳಲು ಜೆಸಿಬಿ ಆ ತಿರುವನ್ನು ಅಡ್ಡಲಾಗಿ ಸೀಳಿತ್ತು. ಅಂಚಿನಲ್ಲಿ ನಿಂತು ನೋಡಿದರೆ ರಸ್ತೆಯ ಒಡಲೆಲ್ಲ ಕಾಣುತ್ತಿತ್ತು. ತಳದಲ್ಲಿ ಕೆಮ್ಮಣ್ಣು. ಅದರ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ದಪ್ಪ ಕಲ್ಲು. ಕಲ್ಲಿನ ಮೇಲೆ ಕೈಯಲ್ಲಿ ಒಡೆದ ಜಲ್ಲಿ, ಜಲ್ಲಿಯ ಸಂದಿಗಳಲ್ಲಿ ಗಟ್ಟಿಯಾಗಿ ಕೂತ ಗ್ರಾವೆಲ್ ಮಣ್ಣು. ಆಮೇಲೆ ಒಂದರ ಮೇಲೊಂದು ಡಾಂಬರಿನ ಪದರಗಳು.

ಪೈಪಿನ ಕೆಲಸದ ಹುಡುಗರು ಊಟಕ್ಕೆ ಹೋಗಿದ್ದರು. ನಾನು ಗುಂಡಿಗೆ ಇಳಿದು ಒಂದೊಂದು ಪದರವನ್ನೂ ಮುಟ್ಟಿ ನೋಡಿದೆ. ಕೆಳಗಿನ ಕಲ್ಲು ನನಗಿಂತ ಹಿರಿಯದು. ನಡುವಿನ ಜಲ್ಲಿಯನ್ನು ಕುಟ್ಟಿದವರನ್ನು ಹುಡುಗನಾಗಿದ್ದಾಗ ನೋಡಿದ್ದೆ. ಡಾಂಬರಿನ ಪದರಗಳಲ್ಲಿ ಒಂದನ್ನು ಹಾಕುವಾಗ ನಾನೇ ವರ್ಕ್ ಇನ್ಸ್‌ಪೆಕ್ಟರ್ ಆಗಿ ಪಕ್ಕದಲ್ಲಿ ನಿಂತಿದ್ದೆ. ಇಷ್ಟು ವರ್ಷ ಮೇಲಿನಿಂದ ಮಾತ್ರ ನೋಡಿದ್ದ ರಸ್ತೆ ಅಂದು ತನ್ನ ವಯಸ್ಸನ್ನೆಲ್ಲ ಒಟ್ಟಿಗೆ ತೋರಿಸಿತು.

ತಳದ ದಪ್ಪ ಕಲ್ಲಿಗೆ ನಮ್ಮ ಕಡೆ ಸೋಲಿಂಗ್ ಎನ್ನುತ್ತಾರೆ. ಅಗಲವಾದ ಮುಖ ಕೆಳಗೆ, ಚೂಪು ತುದಿ ಮೇಲೆ ಬರುವಂತೆ ಒಂದೊಂದಾಗಿ ಕೈಯಲ್ಲಿ ಕೂರಿಸಿ, ಸಂದಿಗೆ ಚಕ್ಕೆ ಬಡಿದು ಬಿಗಿ ಮಾಡಬೇಕು. ಇನ್ನೂರು ವರ್ಷದ ಹಿಂದೆ ಬ್ರಿಟನ್ನಿನಲ್ಲಿ ಥಾಮಸ್ ಟೆಲ್‌ಫರ್ಡ್ ರೂಢಿಗೆ ತಂದ ಪದ್ಧತಿ ಅದು. ಅದೇ ಕಾಲದ ಜಾನ್ ಲೌಡನ್ ಮೆಕಾಡಮ್ ಈ ಕಲ್ಲಿನ ಹಾಸು ಬೇಕಿಲ್ಲ ಎಂದ. ಕೆಳಗಿನ ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಅದೇ ಹೊರುತ್ತದೆ, ಅದರ ಮೇಲೆ ಸಣ್ಣಗೆ ಒಡೆದ ಕಲ್ಲು ಹರಡಿದರೆ ಸಾಕು, ಆ ಕಲ್ಲು ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ, ಹೆಚ್ಚು ತೂಗಬಾರದು ಎನ್ನುವುದು ಅವನ ವಾದ. ನಮ್ಮ ಹಳೆಯ ಎಂಜಿನಿಯರುಗಳು ಜಗಳಕ್ಕೆ ಹೋಗದೆ ಇಬ್ಬರನ್ನೂ ಒಪ್ಪಿಕೊಂಡಿದ್ದರು. ನಮ್ಮೂರ ತಿರುವಿನಲ್ಲಿ ಟೆಲ್‌ಫರ್ಡ್ ಕೆಳಗಿದ್ದ, ಮೆಕಾಡಮ್ ಮೇಲಿದ್ದ.

ಈ ದಾರಿ ಹೊತ್ತ ಭಾರವೂ ಸಾಮಾನ್ಯದ್ದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದರ ಯಂತ್ರಗಳು ರೈಲಿನಲ್ಲಿ ಬಂದು ಇಳಿದದ್ದು ಮದ್ದೂರು ಸ್ಟೇಷನ್ನಿನಲ್ಲಿ. ಅಲ್ಲಿಂದ ಮುಂದೆ ಎತ್ತು, ಆನೆಗಳು ಎಳೆದುಕೊಂಡು ಹೋದವು. ಕ್ರೇನಿಲ್ಲದ, ಲಾರಿಯಿಲ್ಲದ ಕಾಲದಲ್ಲಿ ಅಷ್ಟು ಕಬ್ಬಿಣ ಹೂತುಹೋಗದೆ ಶಿವನಸಮುದ್ರ ಮುಟ್ಟಿತೆಂದರೆ, ಅದರಲ್ಲಿ ನೆಲಕ್ಕೂ, ಅದನ್ನು ಗಟ್ಟಿ ಮಾಡಿದ ಕೈಗಳಿಗೂ ಪಾಲಿದೆ.

ಆ ಕೈಗಳನ್ನು ನಾನು ಕಂಡದ್ದು ಅರವತ್ತರ ದಶಕದಲ್ಲಿ. ಬೇಸಿಗೆ ಬಂತೆಂದರೆ ಸಾಲುಮರದ ನೆರಳಿನಲ್ಲಿ ಕಲ್ಲು ಕುಟ್ಟುವವರು ಬಂದು ಕೂರುತ್ತಿದ್ದರು, ಹೆಚ್ಚಿನವರು ಹೆಂಗಸರು. ಆಲದ ಕೊಂಬೆಗೆ ಸೀರೆಯ ತೊಟ್ಟಿಲು, ಅದರಲ್ಲಿ ಮಗು. ಹಳೆಯ ಟೈರಿನ ಬಳೆಯೊಳಗೆ ಕಲ್ಲನ್ನು ಇಟ್ಟು, ಅದು ಜಾರದಂತೆ ಕಾಲಿನಲ್ಲಿ ಒತ್ತಿ ಹಿಡಿದು, ಉದ್ದ ಕಾವಿನ ಸುತ್ತಿಗೆಯಿಂದ ಹೊಡೆಯುವರು. ಅವರಲ್ಲಿ ಒಬ್ಬಳ ಎಡಗಣ್ಣಿನಲ್ಲಿ ಬಿಳಿ ಹೂವು ಬಿದ್ದಿತ್ತು. ಚಕ್ಕೆ ಸಿಡಿದು ಆದದ್ದು ಎಂದು ಅಮ್ಮ ಹೇಳಿದ್ದಳು. ನಾನು ಹತ್ತಿರ ಹೋದರೆ ಅವಳು ಸುತ್ತಿಗೆ ನಿಲ್ಲಿಸಿ, “ದೂರ ಕೂತ್ಕೊ ಕೂಸೆ, ಚಕ್ಕೆ ಹಾರ್ತದೆ” ಎನ್ನುತ್ತಿದ್ದಳು. ಕೂಲಿ ದಿನದ ಲೆಕ್ಕವಲ್ಲ, ಗುಡ್ಡೆಯ ಲೆಕ್ಕ. ಒಡೆದ ಜಲ್ಲಿಯನ್ನು ತಳವಿಲ್ಲದ ಮರದ ಪೆಟ್ಟಿಗೆಗೆ ತುಂಬಿ ಅಳೆಯುತ್ತಿದ್ದರು. ಪೆಟ್ಟಿಗೆ ತುಂಬಲು ಒಂದು ಬುಟ್ಟಿ ಕಡಿಮೆ ಬಿದ್ದರೆ ಆ ಪೆಟ್ಟಿಗೆಯ ದುಡ್ಡೇ ಇಲ್ಲ. ಮೇಲೆ ಹತ್ತಿ ತುಳಿದು ಅಳೆಯುವ ಮೇಸ್ತ್ರಿಗಳೂ ಇದ್ದರು.

ಜಲ್ಲಿ ಹರಡುವ ದಿನ ಊರಿಗೆ ಊರೇ ರಸ್ತೆಯ ಬದಿಯಲ್ಲಿರುತ್ತಿತ್ತು. ಮೊದಲು ಒಣ ಜಲ್ಲಿಯ ಮೇಲೆ ರೋಲರ್ ಓಡಬೇಕು. ಅದು ಎರಡೂ ಅಂಚಿನಿಂದ ಶುರುವಾಗಿ ನಡುವಿಗೆ ಬರಬೇಕು, ನಡುವಿನಿಂದ ಹೊರಟರೆ ಜಲ್ಲಿ ಬದಿಗೆ ಸರಿದು ರಸ್ತೆಯ ಬೆನ್ನು ಚಪ್ಪಟೆಯಾಗುತ್ತದೆ. ಆಮೇಲೆ ಸಣ್ಣ ಜಲ್ಲಿ, ನಂತರ ನೀರು, ಮೇಲೆ ಗ್ರಾವೆಲ್. ನಾಲೆಯಿಂದ ಡ್ರಮ್ಮುಗಾಡಿಯಲ್ಲಿ ತಂದ ನೀರು ಸುರಿದಂತೆ ಮಣ್ಣು ಕೆಸರಾಗಿ ಸಂದಿಗಿಳಿಯುವುದು. ರೋಲರಿನ ಮುಂಗಾಲಿಯ ಮುಂದೆ ಕೆಂಪು ಕೆಸರಿನ ಅಲೆ ಎದ್ದು ಬರುವವರೆಗೂ ಗುಡಿಸುವುದು, ನೀರು ಹಾಕುವುದು, ಉರುಳಿಸುವುದು ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಇದಕ್ಕೆ ಮೆಟ್ಲಿಂಗ್ ಎಂದು ಹೆಸರು. ಪದರ ಗಟ್ಟಿಯಾಯಿತೇ ಎಂದು ನೋಡಲು ಗ್ಯಾಂಗ್ ಮೇಸ್ತ್ರಿ ಒಂದು ಜಲ್ಲಿಕಲ್ಲನ್ನು ರೋಲರಿನ ದಾರಿಗೆ ಎಸೆಯುತ್ತಿದ್ದ. ಕಲ್ಲು ಒಳಗೆ ಹೂತುಕೊಂಡರೆ ಕೆಲಸ ಬಾಕಿ ಇದೆ. ಹೂತುಕೊಳ್ಳದೆ ಪುಡಿಯಾದರೆ ಮುಗಿಯಿತು. ಮುಂದೆ ನಾನು ಎಷ್ಟೋ ಪರೀಕ್ಷೆಗಳನ್ನು ಕಲಿತೆ. ನೋಡಿದವರಿಗೆಲ್ಲ ಕಣ್ಣೆದುರೇ ಉತ್ತರ ಸಿಗುವ ಪರೀಕ್ಷೆ ಇನ್ನೊಂದಿರಲಿಲ್ಲ.

ಈ ರಸ್ತೆ ಎತ್ತಿನ ಗಾಡಿಯ ಕಾಲಕ್ಕೆ ಹೇಳಿ ಮಾಡಿಸಿದ್ದು. ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ತಿಕ್ಕಿ ಪುಡಿ ಮಾಡಿದರೂ ಆ ಪುಡಿಯೇ ಮತ್ತೆ ಸಂದಿ ತುಂಬುತ್ತಿತ್ತು. ಬಸ್ಸು ಲಾರಿ ಹೆಚ್ಚಾದಂತೆ ಕತೆ ಬದಲಾಯಿತು. ವೇಗವಾಗಿ ಉರುಳುವ ಗಾಳಿಟೈರು ಸಂದಿಯ ಮಣ್ಣನ್ನು ಹೀರಿ ಹೊರಗೆಸೆಯುತ್ತದೆ. ಬೇಸಿಗೆಯಲ್ಲಿ ಒಂದು ಬಸ್ಸು ಹೋದರೆ ಬದಿಯ ಕಬ್ಬಿನ ಗರಿ, ಮನೆಯ ಮಾಡು ಎಲ್ಲ ಕೆಂಪು. ಮಣ್ಣು ಹೋದ ಮೇಲೆ ಜಲ್ಲಿ ಬಿಡಿಯಾಗಿ ಏಳುತ್ತದೆ. ಡಾಂಬರು ಬಂದದ್ದು ನಯಕ್ಕಾಗಿ ಎಂದು ನಾವು ತಿಳಿದಿದ್ದೆವು. ಜಲ್ಲಿಯನ್ನು ಹಿಡಿದಿಡುವುದು, ನೀರು ಒಳಗಿಳಿಯದಂತೆ ತಡೆಯುವುದು ಅದರ ದೊಡ್ಡ ಕೆಲಸ.

ಡಾಂಬರಿನ ಗ್ಯಾಂಗಿನವರು ತಮಿಳು ಮಾತಾಡುತ್ತಿದ್ದರು. ರಸ್ತೆಯ ಬದಿಯಲ್ಲೇ ಗುಡಿಸಲು, ಅಲ್ಲೇ ಒಲೆ. ಬೆಳಗಿನ ಜಾವಕ್ಕೇ ಸೌದೆ ಹಚ್ಚಿ ಡ್ರಮ್ಮಿನ ಡಾಂಬರು ಕಾಯಿಸಲು ಶುರುಮಾಡುವರು. ಕಾಲಿಗೆ ಗೋಣಿತಾಟು ಸುತ್ತಿ ಹಗ್ಗ ಬಿಗಿದು, ಟೈರಿನ ಚಪ್ಪಲಿ ಮೆಟ್ಟಿ, ತೂತಿನ ಡಬ್ಬದಿಂದ ಕುದಿಯುವ ಡಾಂಬರನ್ನು ಹಿಂದೆ ಹಿಂದೆ ನಡೆಯುತ್ತ ಚಿಮುಕಿಸುವರು. ಹಿಂದೆಯೇ ಬಾಂಡ್ಲಿಯಲ್ಲಿ ಬೇಬಿ ಜಲ್ಲಿ, ಅದರ ಹಿಂದೆ ರೋಲರ್. ನಮಗೆ ಆ ವಾಸನೆ ಬಹಳ ಇಷ್ಟ. ಆರಿದ ಡಾಂಬರನ್ನು ಉಂಡೆ ಕಟ್ಟಿ ಚಡ್ಡಿಯ ಜೇಬಿಗೆ ಹಾಕಿಕೊಂಡು ಮನೆಯಲ್ಲಿ ಏಟು ತಿನ್ನುತ್ತಿದ್ದೆವು. ಖಾಲಿ ಡ್ರಮ್ಮನ್ನು ಸೀಳಿ ತಟ್ಟಿದ ತಗಡು ನಮ್ಮೂರಿನ ಎಷ್ಟೋ ಬಚ್ಚಲುಮನೆಗಳಿಗೆ ಬಾಗಿಲಾಯಿತು.

ಆ ದಿನಗಳನ್ನು ಪ್ರೀತಿಯಿಂದ ನೆನೆಯುತ್ತೇನೆ, ಆದರೆ ಅವು ಒಳ್ಳೆಯ ದಿನಗಳಾಗಿದ್ದವು ಎಂದು ಹೇಳಲಾರೆ. ಒಂದು ಸಂಜೆ ನನ್ನದೇ ವಯಸ್ಸಿನ ಹುಡುಗನೊಬ್ಬನ ಮೊಣಕೈವರೆಗೆ ಡಾಂಬರು ಚೆಲ್ಲಿತು. ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಮರುದಿನ ಗ್ಯಾಂಗು ಮುಂದಿನ ಮೈಲಿಗೆ ಸಾಗಿತು, ಆ ಹುಡುಗ ಏನಾದನೋ ನಮ್ಮೂರಿಗೆ ತಿಳಿಯಲಿಲ್ಲ. ಹೊಗೆಯನ್ನು ದಿನವಿಡೀ ಕುಡಿದವರ ಎದೆಯ ಗತಿ ಏನಾಯಿತು, ಕಲ್ಲು ಕುಟ್ಟಿದವಳ ಇನ್ನೊಂದು ಕಣ್ಣು ಉಳಿಯಿತೇ, ಯಾರೂ ಬರೆದಿಡಲಿಲ್ಲ. ರಸ್ತೆಗೆ ಹಾಕಿದ ಜಲ್ಲಿಗೆ ಲೆಕ್ಕವಿತ್ತು, ಅದನ್ನು ಒಡೆದವರಿಗೆ ಇರಲಿಲ್ಲ. ಕ್ರಷರ್ ಬಂದು ಸುತ್ತಿಗೆ ಹೋದದ್ದನ್ನು ಕೈಕಸುಬಿನ ನಷ್ಟವೆಂದು ಮರುಗುವವರ ಜತೆ ನಾನು ಸೇರುವುದಿಲ್ಲ. ಅದು ಹೋದದ್ದೇ ಒಳ್ಳೆಯದು.

ಎಂಬತ್ತರ ದಶಕದಲ್ಲಿ ನಾನೇ ರಸ್ತೆ ಕೆಲಸಕ್ಕೆ ಸೇರಿದೆ. ಕೈಗೆ ಟೇಪು, ಥರ್ಮಾಮೀಟರು, ಕ್ಯಾಂಬರ್ ಬೋರ್ಡು ಬಂದವು. ಕ್ಯಾಂಬರ್ ಬೋರ್ಡು ಎಂದರೆ ರಸ್ತೆಯ ಬೆನ್ನಿನ ಇಳಿಜಾರನ್ನು ನೋಡುವ ಮರದ ಪಟ್ಟಿ. ಡಾಂಬರು ರಸ್ತೆಯಾದರೆ ಪ್ರತಿ ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರು ಇಳಿಯಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ಮಳೆಯ ನೀರಿಗೆ ಅದು ಕಾಣುತ್ತದೆ.

ಒಮ್ಮೆ ಒಬ್ಬ ಗುತ್ತಿಗೆದಾರ ಡಾಂಬರು ಪದರವನ್ನು ಹೇಳಿದ್ದರ ಅರ್ಧಕ್ಕೂ ಕಡಿಮೆ ದಪ್ಪಕ್ಕೆ ಹಾಕಿಸಿದ. ಬಳಸಿದ ಡಾಂಬರಿಗೆ ಸಾಕ್ಷಿಯಾಗಿ ಬೇರೆಲ್ಲಿಂದಲೋ ತಂದ ಖಾಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದ್ದ. ಅಗೆದು ಅಳೆದು, ಕಂಡಷ್ಟನ್ನೇ ನಾನು ಬರೆದೆ. “ಹೊಂದಿಕೊಂಡು ಹೋಗಬೇಕಪ್ಪ” ಎಂದು ಮೇಲಿನವರು ಬುದ್ಧಿ ಹೇಳಿದರು. ಬಿಲ್ಲು ಸ್ವಲ್ಪ ದಿನ ನಿಂತು, ಇನ್ನೊಬ್ಬರ ಕೈಯ ಅಳತೆಯ ಮೇಲೆ ಪಾಸಾಯಿತು. ಮೊದಲ ಮಳೆಗೇ ಆ ಪದರ ಹಪ್ಪಳವಾಗಿ ಎದ್ದಿತು. ಪೈಪಿನ ಗುಂಡಿಯಲ್ಲಿ ಅದರ ಉಳಿಕೆಯನ್ನು ನಾನು ಗುರುತು ಹಿಡಿದೆ: ದಪ್ಪ ಪದರಗಳ ನಡುವೆ ಒಂದು ಕಪ್ಪು ಗೆರೆ. ಕಡತಗಳು ಎಂದೋ ಗೆದ್ದಲು ಹಿಡಿದಿರಬಹುದು. ರಸ್ತೆ ಮಾತ್ರ ತನ್ನ ಲೆಕ್ಕವನ್ನು ಇಟ್ಟುಕೊಂಡಿತ್ತು.

ಕೆಲಸ ಕಲಿಸಿದವರಲ್ಲಿ ದೊಡ್ಡವನು ನಮ್ಮ ವಿಭಾಗದ ಒಬ್ಬ ಗ್ಯಾಂಗ್ ಮೇಸ್ತ್ರಿ. ಹೆಬ್ಬೆಟ್ಟು ಒತ್ತುವವನು. ಕೆಲವು ಮೈಲಿ ರಸ್ತೆ, ಕೈಕೆಳಗೆ ನಾಲ್ಕಾರು ಗ್ಯಾಂಗ್‌ಮನ್‌ಗಳು, ಒಂದಷ್ಟು ಸಲಿಕೆ, ಗುದ್ದಲಿ, ದಮ್ಮಸ್ಸು. ಅವನ ವರ್ಷ ಮಳೆಯ ಲೆಕ್ಕದಲ್ಲಿ ನಡೆಯುತ್ತಿತ್ತು. ಮುಂಗಾರಿಗೆ ಮುಂಚೆ ಚರಂಡಿ ಕೆರೆಯುವುದು, ಮೋರಿಯಲ್ಲಿ ತುಂಬಿದ ತರಗು ತೆಗೆಯುವುದು, ಡಾಂಬರಿನ ಅಂಚಿಗಿಂತ ಎತ್ತರಕ್ಕೆ ಬೆಳೆದ ಮಣ್ಣಿನ ಬದಿಯನ್ನು ಕತ್ತರಿಸುವುದು. ಮಳೆ ಸುರಿಯುವಾಗ ಗೋಣಿಕೊಪ್ಪೆ ಹಾಕಿಕೊಂಡು ರಸ್ತೆಯ ಉದ್ದಕ್ಕೂ ನಡೆಯುವುದು. ಮಳೆ ನಿಂತ ಮೇಲೆ ತೇಪೆ. ಬಿರುಬೇಸಿಗೆಯಲ್ಲಿ ಡಾಂಬರು ಕರಗಿ ಮಿನುಗುವ ಕಡೆ ಮರಳು ಎರಚುವುದು, ಮೈಲಿಗಲ್ಲಿಗೆ ಸುಣ್ಣ, ಸಾಲುಮರಕ್ಕೆ ಕೆಮ್ಮಣ್ಣು ಸುಣ್ಣದ ಪಟ್ಟಿ.

ಮಳೆಯಲ್ಲಿ ಯಾಕೆ ನಡೀತೀಯಜ್ಜ, ಬಿಸಿಲು ಬಂದ ಮೇಲೆ ನೋಡಬಾರದಾ ಎಂದು ಕೇಳಿದ್ದೆ. “ಬಿಸ್ಲಲ್ಲಿ ಗುಂಡಿ ಕಾಣ್ತದೆ ಸಾಮಿ. ಗುಂಡಿ ಯಾಕಾಯ್ತದೆ ಅನ್ನೋದು ಮಳೇಲೇ ಕಾಣೋದು” ಎಂದ. “ನೀರು ನಿಂತ್ರೆ ರೋಡು ನಿಲ್ಲಕಿಲ್ಲ.” ಕೆಳಗಿನ ನೆಲ ಒಣಗಿದ್ದರೆ ಸಾಕು ಎಂದ ಮೆಕಾಡಮನ ಹೆಸರು ಅವನು ಕೇಳಿರಲಿಲ್ಲ. ಮಂಡ್ಯದ ಮಣ್ಣು ಅವನಿಗೆ ಅದೇ ಪಾಠ ಕಲಿಸಿತ್ತು.

ತೇಪೆ ಹಾಕುವುದರಲ್ಲೂ ಅವನಿಗೆ ಕಟ್ಟುನಿಟ್ಟು. ಗುಂಡಿಯನ್ನು ಇದ್ದ ಹಾಗೇ ತುಂಬಲು ಬಿಡುತ್ತಿರಲಿಲ್ಲ. ಸುತ್ತ ಗಟ್ಟಿ ಡಾಂಬರು ಸಿಗುವವರೆಗೂ ಚೌಕಾಗಿ ಕತ್ತರಿಸಬೇಕು, ಅಂಚು ಗೋಡೆಯಂತೆ ನೇರವಾಗಿರಬೇಕು, ಒಳಗಿನ ದೂಳು ತೇವ ಎರಡೂ ಹೋಗಬೇಕು, ಬದಿಗೂ ತಳಕ್ಕೂ ಬಿಸಿ ಡಾಂಬರು ಸವರಬೇಕು, ಆಮೇಲೆ ಕಲಸಿದ ಜಲ್ಲಿ ಹಾಕಿ ದಮ್ಮಸ್ಸಿನಲ್ಲಿ ಬಡಿಯಬೇಕು. ಇಂದಿನ ಕೈಪಿಡಿಗಳಲ್ಲೂ ಹೀಗೇ ಇದೆ. ನಮ್ಮ ರಸ್ತೆಗಳಲ್ಲಿ ಇಂದು ಕಾಣುವುದು, ನೀರು ನಿಂತ ಗುಂಡಿಗೆ ಒಂದು ಬಾಂಡ್ಲಿ ಜಲ್ಲಿಪುಡಿ ಸುರಿದು ಹೋದ ಗುರುತು.

ನಮ್ಮ ಜಿಲ್ಲೆಯ ರಸ್ತೆಗೆ ಮಳೆಯ ನೀರೊಂದೇ ಶತ್ರುವಲ್ಲ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳು ಗದ್ದೆಯಾದವು. ಎರಡೂ ಬದಿಯಲ್ಲಿ ತಿಂಗಳುಗಟ್ಟಲೆ ನೀರು ನಿಂತ ಭತ್ತ, ಕಬ್ಬು; ನಡುವೆ ರಸ್ತೆ. ಬಸಿದ ನೀರು ಕೆಳಗಿನಿಂದಲೇ ರಸ್ತೆಯ ಬುಡವನ್ನು ಮೆತ್ತಗೆ ಮಾಡುತ್ತದೆ. ಅದೇ ನಾಲೆಯಿಂದ ಬೆಳೆದ ಕಬ್ಬು 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿಗೆ, ಆಮೇಲೆ ಕೆ.ಎಂ. ದೊಡ್ಡಿಯ ಕಾರ್ಖಾನೆಗೆ ಗಾಡಿ ಗಾಡಿಯಾಗಿ ಹರಿಯಿತು. ಈಗ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೈಲರು. ಬುಡ ಮೆತ್ತಗಾದ ಹೊತ್ತಿಗೇ ಮೇಲೆ ಹೊರೆ. ನಮ್ಮನ್ನು ಅನ್ನವಂತರನ್ನಾಗಿ ಮಾಡಿದ ನೀರೇ ನಮ್ಮ ರಸ್ತೆಗಳನ್ನು ತಿಂದಿತು. ಗದ್ದೆಗಿಂತ ರಸ್ತೆಯನ್ನು ಎತ್ತರಿಸದೆ, ಬಸಿಗಾಲುವೆ ತೆಗೆಯದೆ, ಮೇಲಕ್ಕೆ ಎಷ್ಟು ಡಾಂಬರು ಸುರಿದರೂ ಅದು ನಿಲ್ಲುವುದಿಲ್ಲ.

ನಾನು ಕೆಲಸ ಬಿಡುವ ಹೊತ್ತಿಗೆ ಪದ್ಧತಿಯೇ ಬದಲಾಗಿತ್ತು. ರಾಜ್ಯ ಹೆದ್ದಾರಿ 17 ಆಗಿದ್ದ ಬೆಂಗಳೂರು ಮೈಸೂರು ರಸ್ತೆ ಮೊದಲು ನಾಲ್ಕು ಪಥವಾಯಿತು, ಅದಕ್ಕೆ ನೂರಾರು ಸಾಲುಮರ ಉರುಳಿದವು. ಆಮೇಲೆ ಅದು ರಾಷ್ಟ್ರೀಯ ಹೆದ್ದಾರಿ 275 ಆಯಿತು. ಸರ್ವಿಸ್ ರಸ್ತೆಗಳೂ ಸೇರಿ ಹತ್ತು ಪಥದ, 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಆ ಕೆಲಸ ನಡೆಯುವಾಗ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಹೆದ್ದಾರಿಯ ಡಾಂಬರಿನ ಕೆಳಗೆ ಮಣ್ಣಿನ ಮೇಲಿನ ಅರ್ಧ ಮೀಟರನ್ನು, ಪ್ರಯೋಗಾಲಯದಲ್ಲಿ ಸಿಗುವ ಗರಿಷ್ಠ ಸಾಂದ್ರತೆಯ ನೂರಕ್ಕೆ 97ರಷ್ಟು ಬರುವಂತೆ ದಮ್ಮಸ್ಸು ಮಾಡಬೇಕೆಂಬ ನಿಯಮವಿದೆ. ಸಣ್ಣ ಗುಳಿ ತೋಡಿ, ತೆಗೆದ ಮಣ್ಣು ತೂಗಿ, ಗುಳಿಗೆ ಎಷ್ಟು ಮರಳು ಹಿಡಿಯುತ್ತದೆಂದು ನೋಡಿ ಅದನ್ನು ಲೆಕ್ಕ ಹಾಕುತ್ತಾರೆ. ಅದರ ಮೇಲಿನ ಪದರ ಭಾರ ಹೊರುವುದರ ಜತೆಗೆ ನೀರನ್ನೂ ಬದಿಗೆ ಬಸಿಯಬೇಕು. ಕೆಸರು ಸುರಿದು ಕಟ್ಟುತ್ತಿದ್ದ ಮೆಟ್ಲಿಂಗಿನ ಜಾಗಕ್ಕೆ, ಯಂತ್ರದಲ್ಲೇ ಹದವಾಗಿ ನೀರು ಬೆರೆಸಿ ಪೇವರಿನಿಂದ ಹಾಸುವ ವೆಟ್ ಮಿಕ್ಸ್ ಬಂದಿದೆ. ಡಾಂಬರನ್ನೂ ಈಗ ಜಿಗುಟಿನ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ವಿಜಿ 30 ಎಂಬ ಬಗೆಯಾದರೆ ಪ್ಲಾಂಟಿನಲ್ಲಿ 150ರಿಂದ 165 ಡಿಗ್ರಿಯಲ್ಲಿ ಜಲ್ಲಿಗೆ ಬೆರೆಸಬೇಕು, ಟಾರ್ಪಾಲು ಹೊದಿಸಿದ ಟಿಪ್ಪರಿನಲ್ಲಿ ತಂದು 140ಕ್ಕಿಂತ ಆರದಂತೆ ಹಾಸಬೇಕು, ರೋಲರ್ ಕೆಲಸ 90ಕ್ಕೆ ಇಳಿಯುವ ಮುಂಚೆ ಮುಗಿಯಬೇಕು. ಗೋಣಿತಾಟಿನ ಕಾಲುಗಳು ಎಲ್ಲೂ ಕಾಣಲಿಲ್ಲ; ಬೂಟು, ಹೆಲ್ಮೆಟ್ಟು, ಹೊಳೆಯುವ ಅಂಗಿ. ಅದನ್ನು ನೋಡಿ ನಾನು ಪಟ್ಟ ಸಂತೋಷ ದೊಡ್ಡದು.

ಆದರೂ 2022ರ ಆಗಸ್ಟಿನ ದೊಡ್ಡ ಮಳೆಗೆ ಇದೇ ಹೆದ್ದಾರಿಯ ಮೇಲೆ ರಾಮನಗರದ ಬಳಿ ಕೆರೆಯಂತೆ ನೀರು ನಿಂತು ವಾಹನಗಳು ಮುಳುಗಿದವು. ಪದರಗಳೆಲ್ಲ ಹೊಸವು, ನೀರಿನ ಪ್ರಶ್ನೆ ಹಳೆಯದೇ. ಉದ್ಘಾಟನೆಯಾದ ತಿಂಗಳುಗಳಲ್ಲೇ ಸಾವುಗಳು ಹೆಚ್ಚಿ, 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ನಿಷೇಧವಾಯಿತು. ಅಲ್ಲಿನ ವೇಗಕ್ಕೆ ಆ ನಿರ್ಧಾರ ಸರಿ. ಹಳೆಯ ಇಕ್ಕಟ್ಟು ರಸ್ತೆಯಲ್ಲಿ ದೀಪವಿಲ್ಲದ ಗಾಡಿಗೆ ಬಸ್ಸು ಗುದ್ದಿದ್ದನ್ನು ಕಂಡವನು ನಾನು. ಅಂದಿನ ನಿಧಾನವೂ ಯಾರನ್ನೂ ಪೂರ್ತಿ ಕಾಯಲಿಲ್ಲ. ಆದರೆ ಇಲ್ಲಿಯ ರೈತ ಓಡಾಡುವುದು ಸರ್ವಿಸ್ ರಸ್ತೆಯಲ್ಲಿ, ಅದಕ್ಕೆ ಕೂಡುವ ಊರಿನ ರಸ್ತೆಯಲ್ಲಿ. ಅಲ್ಲಿಗೆ ಲ್ಯಾಬೂ ಬರುವುದಿಲ್ಲ, ಮೇಸ್ತ್ರಿಯೂ ಇಲ್ಲ. ಗ್ಯಾಂಗ್‌ಮನ್‌ಗಳು ನಿವೃತ್ತರಾದಂತೆ ಅವರ ಜಾಗ ತುಂಬಲಿಲ್ಲ. ಗುತ್ತಿಗೆದಾರನ ಹೊಣೆಯ ಅವಧಿ ಮುಗಿದ ದಿನದಿಂದ ಮುಂದಿನ ಟೆಂಡರಿನವರೆಗೆ ಆ ರಸ್ತೆಯನ್ನು ಮಳೆಯಲ್ಲಿ ನಡೆದು ನೋಡುವ ಒಬ್ಬನೇ ಒಬ್ಬ ಮನುಷ್ಯನಿರುವುದಿಲ್ಲ.

ಅರ್ಧ ಶತಮಾನ ನೋಡಿದ ಮೇಲೆ ನನಗೆ ಉಳಿದ ತಿಳಿವಳಿಕೆ ಇಷ್ಟು. ಕಟ್ಟುವುದರಲ್ಲಿ ಇಂದಿನವರು ನಮಗಿಂತ ಬಹಳ ಮುಂದಿದ್ದಾರೆ. ಕಾಯುವುದರಲ್ಲಿ ನಾವು ಆ ಹೆಬ್ಬೆಟ್ಟಿನ ಮೇಸ್ತ್ರಿಗಿಂತ ಹಿಂದೆ ಬಿದ್ದಿದ್ದೇವೆ. ಹೊಸ ರಸ್ತೆಗೆ ಹಣ ಸಿಗುತ್ತದೆ, ಅಡಿಗಲ್ಲು ಹಾಕುವ ಸಮಾರಂಭವಿರುತ್ತದೆ. ಚರಂಡಿ ಕೆರೆದದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ರಸ್ತೆಯ ಆಯುಷ್ಯ ಇರುವುದು ಆ ಚರಂಡಿಯಲ್ಲಿ.

ಮಂಡ್ಯ ಜಿಲ್ಲೆಯ ಪ್ರತಿ ಕೆಲವು ಕಿಲೋಮೀಟರ್ ರಸ್ತೆಗೆ ಮತ್ತೆ ಒಂದು ಗ್ಯಾಂಗು ಬೇಕು. ಹಳೆಯ ಕೂಲಿಗಲ್ಲ, ಬದುಕಲು ಸಾಲುವ ಸಂಬಳಕ್ಕೆ, ಬೂಟು ಕೈಗವಸುಗಳ ಜತೆಗೆ. ಪೈಪಿಗೆಂದು ಅಗೆದವರು ಮಣ್ಣನ್ನು ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ ಹೋಗುವಂತೆ ಕೇಳುವ ಅಧಿಕಾರ ಆ ಗ್ಯಾಂಗಿಗೆ ಇರಬೇಕು. ಓದುಗರಲ್ಲಿ ಒಂದು ಮಾತು: ಮುಂದಿನ ಮುಂಗಾರಿಗೆ ಮುಂಚೆ ನಿಮ್ಮೂರ ರಸ್ತೆಯ ಬದಿಯ ಚರಂಡಿಯನ್ನೂ ಮೋರಿಯ ಬಾಯನ್ನೂ ಒಮ್ಮೆ ನೋಡಿ. ಕಟ್ಟಿಕೊಂಡಿದ್ದರೆ ಫೋಟೊ ತೆಗೆದು ಪಂಚಾಯಿತಿಗೆ ಅರ್ಜಿ ಕೊಡಿ, ಡಾಂಬರು ಕೇಳುವ ಮೊದಲು ನೀರಿಗೆ ದಾರಿ ಕೇಳಿ.